ಕೇಬಲ್ ಪಟ್ಟಿಯಿಲ್ಲದ ಟ್ರೇ

ಜವಳಗಿರಿಯ ಕಾಡು ದಾಟಿ, ತಳಿ, ದೇಂಕಣಿಕೋಟೆಯ ರಾಗಿ ಹೊಲಗಳನ್ನೂ ದಾಟಿ ಹೊಸೂರಿನ ಕಡೆ ಬಂದರೆ ಕಾರ್ಖಾನೆಗಳ ಶೀಟಿನ ಚಾವಣಿಗಳು ಸಾಲುಗಟ್ಟುತ್ತವೆ. ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್‌ಕಾಟ್ ಸಂಸ್ಥೆಯನ್ನು ಹುಟ್ಟುಹಾಕಿ, ಆ ದಶಕದಲ್ಲೇ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶಕ್ಕೆ ನೆಲ ಗೊತ್ತುಮಾಡಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಒಂದರ ಹಿಂದೊಂದು ಬಂದವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಈಗ ಬ್ಯಾಟರಿ ಸ್ಕೂಟರು, ಮೊಬೈಲಿನ ಬಿಡಿಭಾಗಗಳ ಕಾಲ ಬಂದಿದೆ. ಇವುಗಳಲ್ಲಿ ಯಾವ ಕಾರ್ಖಾನೆಯೊಳಗೆ ನಿಂತು ತಲೆಯೆತ್ತಿದರೂ ಯಂತ್ರಗಳ ಮೇಲೆ ಒಂದೇ ನೋಟ: ಥ್ರೆಡ್ ರಾಡಿಗೆ ನೇತುಬಿದ್ದ, ಸತು ಲೇಪಿಸಿದ ತಗಡಿನ ಟ್ರೇಗಳು; ಅವುಗಳ ಮೇಲೆ ತೋಳುಗಾತ್ರದ ಕಪ್ಪು ಕೇಬಲ್ಲುಗಳು. ಆ ಟ್ರೇಗಳನ್ನು ಏಣಿ ಹತ್ತಿ ನೇತುಹಾಕುವವರಲ್ಲೂ, ಬೆಂಗಳೂರಿನ ಡ್ರಾಯಿಂಗ್ ಆಫೀಸುಗಳಲ್ಲಿ ಕೂತು ಅದೇ ಟ್ರೇಗಳನ್ನು ಕಂಪ್ಯೂಟರಿನಲ್ಲಿ ಎಳೆಯುವವರಲ್ಲೂ ಕನ್ನಡ, ತೆಲುಗು, ತಮಿಳು ಮೂರನ್ನೂ ಸಲೀಸಾಗಿ ಆಡುವ ಈ ಗಡಿ ತಾಲ್ಲೂಕುಗಳ ಮಕ್ಕಳಿದ್ದಾರೆ. ಒಂದೇ ಸೀಮೆಯ ಈ ಎರಡು ಗುಂಪಿನ ನಡುವೆ ಇರಬೇಕಾದ ಒಂದು ಕಾಗದ ಬಹಳ ಸಲ ಇರುವುದೇ ಇಲ್ಲ. ಯಾವ ಟ್ರೇಯಲ್ಲಿ ಯಾವ ಕೇಬಲ್ಲು, ಎಷ್ಟು, ಎಷ್ಟು ದಪ್ಪದ್ದು, ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಕೇಬಲ್ ಪಟ್ಟಿ ಅದು. ಪಟ್ಟಿ ಕೈಗೆ ಬರುವ ಮುನ್ನ ಕಟ್ಟಡದ ಮಾಡೆಲ್‌ನಲ್ಲಿ ಟ್ರೇ ಎಳೆಯುವ ರೂಢಿ ನಿಲ್ಲಬೇಕು. ಎಳೆದ ಟ್ರೇ ತನ್ನ ಮೇಲೆ ಬರುವ ಕೇಬಲ್ಲಿನ ಲೆಕ್ಕವನ್ನು ಹೊತ್ತಿರಲೇಬೇಕು. ಈ ಲೇಖನದ ವಾದ ಇಷ್ಟೇ. ಸಣ್ಣ ವಿಷಯವೆಂದು ಕಾಣಬಹುದು. ಆದರೆ ಕಟ್ಟಡ ಬಿಸಿಯಾಗುವುದು, ಬೆಂಕಿ ಹರಡುವುದು, ಕಾರ್ಖಾನೆ ನಾಲ್ಕು ವರ್ಷಕ್ಕೇ ಚಾವಣಿ ಬಿಚ್ಚಬೇಕಾಗುವುದು ಈ ಸಣ್ಣ ವಿಷಯದಿಂದಲೇ.

ಮೊದಲು ಸಾಫ್ಟ್‌ವೇರಿನ ಸಂಗತಿ. ನಮ್ಮ ಕಡೆಯ ಆಫೀಸುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರೆವಿಟ್. 1997ರಲ್ಲಿ ಅಮೆರಿಕದಲ್ಲಿ ಶುರುವಾದ ಪುಟ್ಟ ಕಂಪನಿಯೊಂದು ಅದನ್ನು 2000ದಲ್ಲಿ ಹೊರತಂದಿತು. 2002ರಲ್ಲಿ ಆಟೊಡೆಸ್ಕ್ ಅದನ್ನು ಕೊಂಡಿತು. ಮೊದಲಿಗೆ ಅದು ವಾಸ್ತುಶಿಲ್ಪಿಗಳ ಸಾಧನವಾಗಿತ್ತು. ಗಾಳಿ ಡಕ್ಟು, ನೀರಿನ ಪೈಪು ಆಮೇಲೆ ಬಂದವು. ಕೇಬಲ್ ಟ್ರೇ, ಕಂಡ್ಯೂಟ್ ಎಳೆಯುವ ಸೌಲಭ್ಯ ಸೇರಿದ್ದು 2011ರ ಆವೃತ್ತಿಗೆ. ಹೀಗೆ ತಡವಾಗಿ ಬಂದದ್ದರ ಗುರುತು ಇವತ್ತಿಗೂ ಉಳಿದಿದೆ. ಗಾಳಿ ಡಕ್ಟನ್ನು ಎಳೆದರೆ ಅದರೊಳಗೆ ಎಷ್ಟು ಗಾಳಿ ಹರಿಯುತ್ತದೆ, ಒತ್ತಡ ಎಷ್ಟು ಇಳಿಯುತ್ತದೆ ಎಂಬುದನ್ನು ರೆವಿಟ್ ಲೆಕ್ಕ ಹಾಕುತ್ತದೆ. ಪೈಪಿಗೂ ಹಾಗೆಯೇ. ಟ್ರೇ ಎಳೆದರೆ ಸಿಗುವುದು ಅಗಲ, ಎತ್ತರ, ಉದ್ದ, ನೆಲದಿಂದ ಮಟ್ಟ ಇಷ್ಟೇ. ವಿತರಣಾ ಪ್ಯಾನೆಲ್ಲಿನಿಂದ ಮೋಟರಿಗೆ ಸರ್ಕ್ಯೂಟ್ ಜೋಡಿಸಿದರೆ ಆ ಸರ್ಕ್ಯೂಟಿಗೊಂದು ಹಾದಿ ಬರುತ್ತದೆ, ಉದ್ದವೂ ಬರುತ್ತದೆ. ಆದರೆ ಆ ಹಾದಿ ಪಕ್ಕದಲ್ಲೇ ಇರುವ ಟ್ರೇಯನ್ನು ತಾನಾಗಿ ಹಿಡಿದು ಹೋಗುವುದಿಲ್ಲ. ಹೀಗಾಗಿ ಮಾಡೆಲ್‌ನಲ್ಲಿ ಟ್ರೇಯೂ ಇರುತ್ತದೆ, ಸರ್ಕ್ಯೂಟೂ ಇರುತ್ತದೆ, ಎರಡಕ್ಕೂ ನಂಟಿರುವುದಿಲ್ಲ. ಯಾರೂ ಕೂಡಿಸದಿದ್ದರೆ ಟ್ರೇ ಖಾಲಿಯಾಗಿಯೇ ಉಳಿಯುತ್ತದೆ. ಖಾಲಿ ಟ್ರೇ ನೋಡಲು ಅಚ್ಚುಕಟ್ಟಾಗಿರುತ್ತದೆ, ಯಾವುದಕ್ಕೂ ತಾಗುವುದಿಲ್ಲ, ಬಣ್ಣ ಹಚ್ಚಿ ಮಾಲೀಕರಿಗೆ ತೋರಿಸಿದರೆ ಮೆಚ್ಚುತ್ತಾರೆ. ಮೋಸ ಹೋಗುವುದು ಅಲ್ಲಿಯೇ.

ಒಂದು ತಿರುವನ್ನು ಹತ್ತಿರದಿಂದ ನೋಡೋಣ. ಟ್ರಾನ್ಸ್‌ಫಾರ್ಮರ್ ಕೊಠಡಿಯಿಂದ ಉತ್ಪಾದನಾ ಹಾಲಿಗೆ ಆರು ಕೇಬಲ್ ಹೋಗಬೇಕು; ಒಂದೊಂದೂ ಮೂರೂವರೆ ಕೋರಿನ, 300 ಚದರ ಮಿ.ಮೀ.ನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಎಂದಿಟ್ಟುಕೊಳ್ಳಿ. ಹೊಸೂರಿನಂಥ ಕಡೆ ಇದು ದಿನಬಳಕೆಯ ಮಾಲು. ಹೊರಗಿನ ದಪ್ಪ ಸುಮಾರು 60 ಮಿ.ಮೀ. ಆರನ್ನೂ ಒಂದಕ್ಕೊಂದು ತಾಗಿಸಿ ಮಲಗಿಸಿದರೆ 360 ಮಿ.ಮೀ. ಆಗುತ್ತದೆ. ಎಳೆಯುವವರು 450 ಮಿ.ಮೀ. ಅಗಲದ ಟ್ರೇ ಆರಿಸಿ, ಮೂಲೆಯಲ್ಲಿ 90 ಡಿಗ್ರಿ ತಿರುಗಿಸುತ್ತಾರೆ. ತಿರುವಿನ ತುಂಡನ್ನು ರೆವಿಟ್ ತಾನೇ ಕೂರಿಸುತ್ತದೆ. ಆ ತಿರುವಿನ ರೇಡಿಯಸ್ ಎಲ್ಲಿಂದ ಬಂತು? ಟ್ರೇಯ ಅಗಲವನ್ನು ಒಂದು ಗುಣಕದಿಂದ ಗುಣಿಸಿದರೆ ಬಂತು. ಗುಣಕವನ್ನು ಯಾರೂ ಮುಟ್ಟದೆ 1ರಲ್ಲೇ ಬಿಟ್ಟಿದ್ದರೆ ರೇಡಿಯಸ್ 450 ಮಿ.ಮೀ. ಈ ಜಾತಿಯ ಕೇಬಲ್ಲನ್ನು ಅದರ ದಪ್ಪದ 12 ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು ಎಂಬುದು ಕೆಲಸದವರೆಲ್ಲ ಬಲ್ಲ ಲೆಕ್ಕ. 60ರ 12 ಪಟ್ಟು 720. ಅಂದರೆ ಮಾಡೆಲ್ ಕೊಟ್ಟ ತಿರುವಿನಲ್ಲಿ ಒಳಬದಿಯ ಕೇಬಲ್ ಹಿಡಿಸುವುದೇ ಇಲ್ಲ. ಗುಣಕವನ್ನು 1.6ಕ್ಕೆ ಏರಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಹಾಗೆ ಏರಿಸಲು ಕೇಬಲ್ಲಿನ ದಪ್ಪ ಗೊತ್ತಿರಬೇಕು. ಟ್ರೇಯ ಅಗಲದಿಂದ ಹುಟ್ಟಿದ ರೇಡಿಯಸ್‌ಗೂ ಕೇಬಲ್ಲಿನ ದಪ್ಪ ಬೇಡುವ ರೇಡಿಯಸ್‌ಗೂ ಸಂಬಂಧವೇ ಇಲ್ಲ. ಸೈಟಿನಲ್ಲಿ ಆಗುವುದೇನು? ಕೇಬಲ್ ಎಳೆಯುವವರು ಟ್ರೇಯ ಒಳಮೂಲೆಯನ್ನು ಗ್ರೈಂಡರಿನಿಂದ ಕತ್ತರಿಸಿ ಜಾಗ ಮಾಡಿಕೊಳ್ಳುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ, ಚೂಪಾದ ತಗಡು ಕೇಬಲ್ಲಿನ ಹೊರಕವಚವನ್ನು ಕೆರೆಯುತ್ತದೆ. ಇಲ್ಲವೇ ಕೇಬಲ್ಲನ್ನೇ ಬಲವಂತವಾಗಿ ಬಗ್ಗಿಸುತ್ತಾರೆ; ಒಳಗಿನ ಇನ್ಸುಲೇಷನ್ನಿಗೆ ಆದ ಪೆಟ್ಟು ಕೆಲವು ವರ್ಷ ಕಳೆದ ಮೇಲೆ ಫಾಲ್ಟಾಗಿ ಹೊರಗೆ ಬರುತ್ತದೆ.

ಅಗಲದ ಪ್ರಶ್ನೆ ಇನ್ನೂ ಮುಗಿದಿಲ್ಲ. ಕರೆಂಟು ಹರಿಯುವ ಕೇಬಲ್ ಬಿಸಿಯಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಬಿಸಿ ಕೇಬಲ್ ತಾಗಿಕೊಂಡಿದ್ದರೆ ಇದರ ಶಾಖ ಹೋಗಲು ದಾರಿಯಿಲ್ಲ. ಅದಕ್ಕೇ ಐಇಸಿ 60364 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕಗಳು, ತೂತುಗಳಿರುವ ಟ್ರೇಯಲ್ಲಿ ಆರು ಕೇಬಲ್ ಒಂದೇ ಪದರದಲ್ಲಿ ತಾಗಿಕೊಂಡಿದ್ದರೆ ಪ್ರತಿಯೊಂದರ ಸಾಮರ್ಥ್ಯವನ್ನು ಹೆಚ್ಚುಕಡಿಮೆ ಮುಕ್ಕಾಲಿಗೆ ಇಳಿಸಿ ಎನ್ನುತ್ತವೆ. ಒಂಟಿಯಾಗಿ 400 ಆಂಪಿಯರ್ ಒಯ್ಯಬಲ್ಲ ಕೇಬಲ್ ಆರರ ಸಾಲಿನಲ್ಲಿ 300ಕ್ಕೆ ನಿಲ್ಲಬೇಕು. ಒಂದೊಂದರ ನಡುವೆ ಒಂದು ಕೇಬಲ್ ದಪ್ಪದಷ್ಟು ಬಿಟ್ಟರೆ ಇಳಿಕೆ ಹತ್ತರಲ್ಲೊಂದು ಪಾಲಿನಷ್ಟೇ. ಆಗ ಬೇಕಾದ ಜಾಗ ಎಷ್ಟು? ಆರು ಕೇಬಲ್ಲಿಗೆ 360, ನಡುವಿನ ಐದು ಸಂದಿಗೆ 300, ಒಟ್ಟು 660 ಮಿ.ಮೀ. ಟ್ರೇ 750ರದ್ದಾಗಬೇಕು. ನಮ್ಮ ವೈರಿಂಗ್ ಸಂಹಿತೆ ಐಎಸ್ 732 ಕೂಡ 2019ರ ಪರಿಷ್ಕರಣೆಯಲ್ಲಿ ಐಇಸಿಯ ಹಾದಿಗೇ ಬಂದಿದೆ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ತನ್ನ 392ನೇ ವಿಧಿಯನ್ನು ಇಡಿಯಾಗಿ ಕೇಬಲ್ ಟ್ರೇಗೇ ಮೀಸಲಿಟ್ಟು, ಎಷ್ಟು ತುಂಬಬಹುದೆಂದು ಕೋಷ್ಟಕ ಹಾಕಿ ಹೇಳುತ್ತದೆ. ಒಟ್ಟಿನಲ್ಲಿ 450ರ ಟ್ರೇ ಮತ್ತು ದಪ್ಪ ಕೇಬಲ್ಲೋ, 750ರ ಟ್ರೇ ಮತ್ತು ತೆಳು ಕೇಬಲ್ಲೋ ಎಂಬುದು ಎಂಜಿನಿಯರ್ ಕೂತು ತೂಗಿ ತೀರ್ಮಾನಿಸಬೇಕಾದ ವಿಷಯ. ತಾಮ್ರ, ಅಲ್ಯೂಮಿನಿಯಂಗಳ ಬೆಲೆಯಲ್ಲಿ ಅದು ಲಕ್ಷಗಟ್ಟಲೆಯ ಮಾತು. ಮಾಡೆಲ್ ಎಳೆಯುವವರು ಹಿಂದಿನ ಪ್ರಾಜೆಕ್ಟಿನ ಅಳತೆಯನ್ನೇ ನಕಲು ಮಾಡಿದ ಕ್ಷಣದಲ್ಲಿ ಆ ತೀರ್ಮಾನ ಯಾರೂ ಕೈಗೊಳ್ಳದೆಯೇ ಆಗಿಹೋಗಿರುತ್ತದೆ.

ತೂಕವೂ ಇದೆ, ಹೊಸೂರಿನ ಕಾರ್ಖಾನೆಗಳಿಗೆ ಇದು ಬಹಳ ಮುಖ್ಯ. ಮೇಲೆ ಹೇಳಿದ ಕೇಬಲ್ ಮೀಟರಿಗೆ ಐದೂವರೆ ಕಿಲೋ ಆಸುಪಾಸು ತೂಗುತ್ತದೆ. ಆರಕ್ಕೆ 33 ಕಿಲೋ. ಟ್ರೇಯ ತಗಡು ಸೇರಿದರೆ ಮೀಟರಿಗೆ 40 ದಾಟುತ್ತದೆ. ಒಂದೂವರೆ ಮೀಟರಿಗೊಂದು ಹ್ಯಾಂಗರ್ ಕೊಟ್ಟರೆ ಒಂದೊಂದು ಹ್ಯಾಂಗರಿನ ಮೇಲೆ 60 ಕಿಲೋ. ಅರವತ್ತು ಮೀಟರ್ ಉದ್ದದ ಹಾಲಿನಲ್ಲಿ ಈ ಒಂದೇ ಟ್ರೇ 2400 ಕಿಲೋ. ಈಗಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಬೇರೆಡೆ ತಯಾರಾಗಿ ಬಂದು ಇಲ್ಲಿ ಬೋಲ್ಟ್ ಬಿಗಿದು ನಿಲ್ಲಿಸುವ ಉಕ್ಕಿನ ಶೆಡ್ಡುಗಳು. ಚಾವಣಿಯಿಂದ ಏನೇನು ನೇತುಹಾಕುತ್ತೀರಿ, ಚದರ ಮೀಟರಿಗೆ ಎಷ್ಟು ತೂಕ ಎಂದು ಅವುಗಳ ತಯಾರಕರು ಆರಂಭದಲ್ಲೇ ಕೇಳುತ್ತಾರೆ. ಆ ಉತ್ತರದ ಮೇಲೆ ಉಕ್ಕಿನ ಗಾತ್ರ ನಿಂತಿದೆ. ಶೀಟು ಹೊರುವ ತೆಳು ಪರ್ಲಿನ್‌ಗಳು ಇಂಥ ಟ್ರೇ ಹೊರಲು ಮಾಡಿದವಲ್ಲ. ಕೇಬಲ್ ಪಟ್ಟಿ ಶೆಡ್ಡು ನಿಂತ ಮೇಲೆ ಬಂದರೆ ಉಳಿಯುವುದು ಎರಡೇ ದಾರಿ. ಒಂದು, ನೆಲದಿಂದ ಕಂಬ ಎಬ್ಬಿಸಿ ಟ್ರೇ ನಿಲ್ಲಿಸಿ ಯಂತ್ರಗಳ ಜಾಗ ಕಸಿಯುವುದು; ಎರಡು, ತಡೆಯುತ್ತದೆ ಬಿಡಿ ಎಂದು ಪರ್ಲಿನ್ನಿಗೇ ಕಟ್ಟುವುದು. ಎರಡನೆಯದು ಎಷ್ಟು ಕಡೆ ನಡೆಯುತ್ತದೆ ಎಂಬುದನ್ನು ಶೆಡ್ಡುಗಳಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಜವಳಗಿರಿಯ ಜನ ಆನೆದಾರಿಯನ್ನು ಬಲ್ಲರು. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯ ಕಾಡಿಗೆ, ಅಲ್ಲಿಂದ ರಾಗಿ ಬಲಿಯುವ ಹೊತ್ತಿಗೆ ತಳಿ, ದೇಂಕಣಿಕೋಟೆ, ಹೊಸೂರಿನ ಕಡೆಗೆ ಹಿಂಡುಗಳು ವರ್ಷವರ್ಷವೂ ಬರುತ್ತವೆ. ದಾರಿಯನ್ನು ಮೊದಲು ಗುರುತಿಸಿ ಬಿಟ್ಟು ಆಮೇಲೆ ತೋಟ, ಬೇಲಿ, ಬಡಾವಣೆ ಮಾಡಿದರೆ ಆನೆ ಅದರಲ್ಲೇ ಹೋಗುತ್ತದೆ. ಎಲ್ಲ ಕಟ್ಟಿ ಮುಗಿಸಿ ಉಳಿದ ಸಂದಿಯನ್ನು ದಾರಿ ಎಂದು ತೋರಿಸಿದರೆ ಬೇಲಿ ಮುರಿಯುತ್ತದೆ. ಚಾವಣಿಯ ಕೆಳಗಿನ ಜಾಗ ಹಂಚುವ ರೀತಿಯೂ ಇದೇ ತಪ್ಪಿನಲ್ಲಿದೆ. ಕೊಳಚೆ ಪೈಪಿಗೆ ಇಳಿಜಾರು ಬೇಕೇ ಬೇಕು, ಅದಕ್ಕೆ ಮೊದಲ ಪಾಲು, ಅದು ನ್ಯಾಯವೇ. ಗಾಳಿ ಡಕ್ಟು ದೊಡ್ಡದು, ಅದಕ್ಕೆ ಎರಡನೆಯದು. ಆಮೇಲೆ ಬೆಂಕಿ ಆರಿಸುವ ಪೈಪು, ತಣ್ಣೀರ ಪೈಪು. ಟ್ರೇ ಬಗ್ಗುತ್ತದೆ, ಹೇಗೋ ಹೋಗುತ್ತದೆ ಎಂಬ ನಂಬಿಕೆಯಲ್ಲಿ ಅದಕ್ಕೆ ಕೊನೆಯ ಸಂದಿ. ಬಗ್ಗುವುದು ಚಿಕ್ಕ ಕಂಟ್ರೋಲ್ ಕೇಬಲ್ಲಿನ ಟ್ರೇ ಮಾತ್ರ. ಮೇಲೆ ಲೆಕ್ಕ ಹಾಕಿದ ಟ್ರೇ ಒಂದು ಡಕ್ಟಿನ ಕೆಳಗೆ ಇಳಿದು ಮತ್ತೆ ಏರಬೇಕಾದರೆ ನಾಲ್ಕು ತಿರುವು ಬೇಕು, ಪ್ರತಿ ತಿರುವಿಗೂ ಆ 720ರ ರೇಡಿಯಸ್ ಬೇಕು. ಅಷ್ಟು ಉದ್ದದ ಜಾಗ ಎರಡು ತೊಲೆಗಳ ನಡುವೆ ಇರುವುದೇ ಅಪರೂಪ.

ಡಿಕ್ಕಿ ಹುಡುಕುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲವೇ ಎಂದು ಕೇಳಬಹುದು. ನೇವಿಸ್‌ವರ್ಕ್ಸ್‌ನಂಥ ಸಾಧನಗಳು ಎಲ್ಲರ ಮಾಡೆಲ್‌ಗಳನ್ನು ಒಟ್ಟಿಗಿಟ್ಟು, ಯಾವುದು ಯಾವುದಕ್ಕೆ ಬಡಿಯುತ್ತದೆ ಎಂದು ಪಟ್ಟಿ ಮಾಡುತ್ತವೆ. ದೊಡ್ಡ ಉಪಕಾರವೇ ಸರಿ. ಆದರೆ ಅವು ನೋಡುವುದು ವಸ್ತುಗಳನ್ನು. ತೊಲೆಯ ತಳದಿಂದ 40 ಮಿ.ಮೀ. ಕೆಳಗೆ ಟ್ರೇಯ ಅಂಚು ಬಂದರೆ ಡಿಕ್ಕಿಯಿಲ್ಲ, ಹಸಿರು ಗುರುತು ಬೀಳುತ್ತದೆ. ಆ 40 ಮಿ.ಮೀ. ಸಂದಿಯಲ್ಲಿ 60 ಮಿ.ಮೀ. ಕೇಬಲ್ಲನ್ನು ಮೇಲಿನಿಂದ ಇಳಿಸುವುದು ಹೇಗೆ, ಕೈ ಹಾಕಿ ಟೈ ಕಟ್ಟುವುದು ಹೇಗೆ? ಒಂದರ ಮೇಲೊಂದು ಟ್ರೇ ಬಂದಾಗ ನಡುವೆ 300 ಮಿ.ಮೀ.ನಷ್ಟು ಬಿಡುವುದು ವಾಡಿಕೆ. ಅದು ಮನುಷ್ಯನ ಕೈಗೆ, ಗಾಳಿಯ ಓಡಾಟಕ್ಕೆ ಬಿಟ್ಟ ಜಾಗ. ಆ ಜಾಗವೂ ಮಾಡೆಲ್‌ನಲ್ಲಿ ಒಂದು ಪಾರದರ್ಶಕ ಪೆಟ್ಟಿಗೆಯಾಗಿ ಟ್ರೇ ಜೊತೆಗೇ ಇದ್ದರೆ, ಬೇರೆಯವರ ಪೈಪು ಅದರೊಳಗೆ ಬಂದಾಗ ಡಿಕ್ಕಿ ಎಂದು ಕಾಣಿಸುತ್ತದೆ. ಟ್ರೇ ಜೊತೆ ಇಂಥ ಪೆಟ್ಟಿಗೆಯನ್ನು ತಾನಾಗಿ ಹುಟ್ಟಿಸಲು ರೆವಿಟ್ ಬಿಡದಿದ್ದರೂ, ಡಿಕ್ಕಿ ಪರೀಕ್ಷೆಯಲ್ಲಿ ಅಂತರದ ಅಂಕಿ ಕೊಟ್ಟು ಹುಡುಕಿಸಬಹುದು. ಎಷ್ಟೋ ಕಡೆ ಆ ಅಂಕಿ ಸೊನ್ನೆಯಲ್ಲೇ ಇರುತ್ತದೆ. ನೀರಿನ ಪೈಪಿನ ಜೋಡಣೆ ಟ್ರೇಯ ನೆತ್ತಿಯ ಮೇಲೆ ಬಂದಿದೆಯೇ ಎಂಬುದನ್ನಂತೂ ಯಾವ ಡಿಕ್ಕಿ ಪಟ್ಟಿಯೂ ಹೇಳದು. ಅದನ್ನು ಕಣ್ಣಿಟ್ಟು ನೋಡಬೇಕು.

ಗೋಡೆ ದಾಟುವ ಜಾಗ ಇನ್ನೂ ಗಂಭೀರ. ರೆವಿಟ್‌ನಲ್ಲಿ ವಾಸ್ತುಶಿಲ್ಪಿಯ ಫೈಲೇ ಬೇರೆ, ಎಲೆಕ್ಟ್ರಿಕಲ್‌ನವರ ಫೈಲೇ ಬೇರೆ. ಒಂದನ್ನು ಇನ್ನೊಂದಕ್ಕೆ ಲಿಂಕ್ ಮಾಡಿರುತ್ತಾರೆ. ಇವರು ಎಳೆದ ಟ್ರೇ ಅವರ ಗೋಡೆಯನ್ನು ಸಲೀಸಾಗಿ ತೂರಿಕೊಂಡು ಹೋಗುತ್ತದೆ, ಗೋಡೆಯಲ್ಲಿ ತೂತು ಮಾತ್ರ ಬೀಳುವುದಿಲ್ಲ. ತೂತು ಇದೆ, ಇಷ್ಟು ಗಾತ್ರ, ಇದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಎಂದು ಯಾರಾದರೂ ಗುರುತು ಹಾಕಿದರಷ್ಟೇ ಅದು ನಕ್ಷೆಗೆ ಬರುತ್ತದೆ. ಹಾಕದಿದ್ದರೆ ಸೈಟಿನಲ್ಲಿ ಒಡೆದ ತೂತು ಒಡೆದಂತೆಯೇ ಉಳಿಯುತ್ತದೆ. ಇದರ ಬೆಲೆ ಏನೆಂದು ಬೆಂಗಳೂರು ಕಂಡಿದೆ. 2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ಲುಗಳ ಡಕ್ಟಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಹಬ್ಬಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಅದು ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರುಗಟ್ಟಿದ ಜನ ಕಿಟಕಿ ಒಡೆದು ಹಾರಿದರು. ಒಂಬತ್ತು ಮಂದಿ ಸತ್ತರು. ಕೇಬಲ್ ಹಾಯುವ ಶಾಫ್ಟನ್ನು ಪ್ರತಿ ಅಂತಸ್ತಿನಲ್ಲೂ, ಆ ಅಂತಸ್ತಿನ ನೆಲ ಎಷ್ಟು ಹೊತ್ತು ಬೆಂಕಿ ತಾಳುತ್ತದೋ ಅಷ್ಟೇ ತಾಳುವಂತೆ ಮುಚ್ಚಬೇಕೆಂದು ಕಟ್ಟಡ ಸಂಹಿತೆ ಹೇಳುವುದು ಇಂಥ ಸಾವುಗಳನ್ನು ತಪ್ಪಿಸಲಿಕ್ಕೇ.

ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರಿ ಅಣು ವಿದ್ಯುತ್ ಕೇಂದ್ರದ ಕಥೆ ಇನ್ನೂ ಹಳೆಯದು, ಇನ್ನೂ ಸ್ಪಷ್ಟ. 1975ರ ಮಾರ್ಚ್ 22. ಕೇಬಲ್ ಟ್ರೇಗಳು ಗೋಡೆ ದಾಟುವ ಕಡೆ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಮೋಂಬತ್ತಿ ಹಿಡಿದು ನೋಡುತ್ತಿದ್ದರು. ಜ್ವಾಲೆ ತೂತಿನತ್ತ ಬಾಗಿದರೆ ಸೋರಿಕೆ ಇದೆ ಎಂದರ್ಥ. ಬಾಗಿದ ಜ್ವಾಲೆ, ತೂತಿಗೆ ತುರುಕಿದ್ದ ಫೋಮ್‌ಗೆ ಹತ್ತಿಕೊಂಡಿತು. ಸುಮಾರು ಏಳು ಗಂಟೆ ಉರಿದ ಬೆಂಕಿ 1600ಕ್ಕೂ ಹೆಚ್ಚು ಕೇಬಲ್ಲುಗಳನ್ನು ಕೆಡಿಸಿತು. ಒಂದು ವ್ಯವಸ್ಥೆ ಕೈಕೊಟ್ಟರೆ ಇನ್ನೊಂದಿರಲಿ ಎಂದು ಮಾಡಿದ್ದ ಬದಲಿ ವ್ಯವಸ್ಥೆಗಳ ಕೇಬಲ್ಲುಗಳೂ ಅದೇ ಬೆಂಕಿಗೆ ಸಿಕ್ಕವು. ರಿಯಾಕ್ಟರ್ ತಣಿಸುವ ಉಪಕರಣಗಳಲ್ಲಿ ಹಲವು ಒಟ್ಟಿಗೇ ನಿಂತವು. ಅಲ್ಲಿನ ನಿಯಮಗಳು ಬದಲಾದದ್ದು ಆ ನಂತರ. ಹೊಸೂರಿನ ಶೆಡ್ಡಿಗೂ ಅಣು ಕೇಂದ್ರಕ್ಕೂ ಹೋಲಿಕೆಯೇನು ಎಂದರೆ, ಪ್ರಶ್ನೆ ಒಂದೇ: ಬೆಂಕಿ ಆರಿಸುವ ಪಂಪಿಗೆ ಹೋಗುವ ಕೇಬಲ್ಲೂ ಮೇನ್ ಪ್ಯಾನೆಲ್ಲಿನ ಕೇಬಲ್ಲೂ ಒಂದೇ ಟ್ರೇಯಲ್ಲಿವೆಯೇ? ಖಾಲಿ ಟ್ರೇಗಳ ಮಾಡೆಲ್ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಕೇಬಲ್ ಸಂಖ್ಯೆ ಹೊತ್ತ ಟ್ರೇಗಳ ಮಾಡೆಲ್ ಒಂದು ಶೆಡ್ಯೂಲ್ ತೆರೆದ ಕೂಡಲೇ ಕೊಡುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಸಮಯ, ದುಡ್ಡು. ಒಂದು ಕಾರ್ಖಾನೆಯಲ್ಲಿ ಸಾವಿರಾರು ಕೇಬಲ್ ಇರುತ್ತವೆ, ಎಲ್ಲವನ್ನೂ ಮಾಡೆಲ್ ಮಾಡಿದರೆ ಫೈಲು ತೆರೆಯುವುದೇ ಇಲ್ಲ, ಆ ಕೆಲಸಕ್ಕೆ ಯಾರೂ ಹಣ ಕೊಡುವುದಿಲ್ಲ ಎನ್ನುತ್ತಾರೆ. ಮಾತು ನಿಜ, ಆದರೆ ಇಲ್ಲಿ ಕೇಳುತ್ತಿರುವುದು ಅದನ್ನಲ್ಲ. ಕೇಬಲ್ಲನ್ನು ಮೂರು ಆಯಾಮದಲ್ಲಿ ಬಿಡಿಸುವುದು ಬೇಡ. ಟ್ರೇಯ ಪ್ರತಿ ತುಂಡಿಗೂ ನಾಲ್ಕು ಪ್ಯಾರಾಮೀಟರ್ ಸಾಕು: ಅದರಲ್ಲಿ ಹೋಗುವ ಕೇಬಲ್ ಸಂಖ್ಯೆಗಳು, ತುಂಬಿರುವ ಅಗಲ, ಮೀಟರಿನ ತೂಕ, ಅತಿ ದಪ್ಪದ ಕೇಬಲ್ಲಿನ ಬೆಂಡ್ ರೇಡಿಯಸ್. ಎಕ್ಸೆಲ್‌ನಲ್ಲಿರುವ ಕೇಬಲ್ ಪಟ್ಟಿಯನ್ನು ರೆವಿಟ್ ಜೊತೆಗೇ ಬರುವ ಡೈನಮೊ ಎಂಬ ಸಾಧನದ ಮೂಲಕ ಟ್ರೇಗಳಿಗೆ ತುಂಬಿಸಬಹುದು. ಟ್ರೇ ತುಂಬಿರುವ ಪ್ರಮಾಣ ಮಿತಿ ದಾಟಿದರೆ ಕೆಂಪು ಬಣ್ಣ ಬರುವಂತೆ ಫಿಲ್ಟರ್ ಹಾಕಬಹುದು. ಇದು ಡಿಪ್ಲೊಮಾ ಮುಗಿಸಿದ ಚುರುಕು ಹುಡುಗಿಯೊಬ್ಬಳಿಗೆ ಕೆಲ ದಿನಗಳಲ್ಲಿ ಕಲಿಸಬಹುದಾದ ವಿದ್ಯೆ. ಖರ್ಚಾಗುವ ಸಮಯ ಎಳೆಯುವ ಕೈಯದ್ದಲ್ಲ. ಲೋಡ್ ಲೆಕ್ಕ, ಕೇಬಲ್ ಸೈಜಿಂಗ್ ಬೇಗ ಮುಗಿಸಬೇಕಾದ ಎಂಜಿನಿಯರನದು. ಆ ಕೆಲಸ ಹೇಗೂ ಮಾಡಲೇಬೇಕಾದದ್ದು. ಒಂದು ತಿಂಗಳು ಮೊದಲೇ ಆಗಬೇಕು, ಅಷ್ಟೇ.

ಯಂತ್ರದವರು ಲೋಡ್ ವಿವರ ಕೊಡುವುದೇ ಕೊನೆಗೆ, ಪಟ್ಟಿ ಮೊದಲೇ ಎಲ್ಲಿಂದ ತರುವುದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಅದನ್ನು ತಳ್ಳಿಹಾಕಲಾಗದು. ಕಾರ್ಖಾನೆಯ ವಿನ್ಯಾಸದಲ್ಲಿ ಅನಿಶ್ಚಿತತೆ ಇದ್ದದ್ದೇ. ಆದರೆ ಅನಿಶ್ಚಿತವಾದದ್ದನ್ನು ಅನಿಶ್ಚಿತ ಎಂದು ಬರೆಯುವುದು ಬೇರೆ, ಬರೆಯದೇ ಬಿಡುವುದು ಬೇರೆ. ಮೊದಲ ಸುತ್ತಿನಲ್ಲಿ ಊಹೆಯ ಪಟ್ಟಿ ಇರಲಿ, ಪ್ರತಿ ಅಂಕಿಯ ಪಕ್ಕದಲ್ಲಿ ಇದು ಊಹೆ ಎಂಬ ಗುರುತಿರಲಿ. ಯಂತ್ರದ ವಿವರ ಬಂದ ದಿನ ಬದಲಾದ ಟ್ರೇ ಯಾವುದೆಂದು ತಟ್ಟನೆ ಗೊತ್ತಾಗುತ್ತದೆ. ಖಾಲಿ ಟ್ರೇಯಲ್ಲಿ ಬದಲಾದದ್ದು ಏನೆಂದು ತಿಳಿಯಲು ಆಧಾರವೇ ಇಲ್ಲ. ಇನ್ನು ಕೆಲವರು, ಅಗಲವಾದ ಟ್ರೇ ಹಾಕಿ, ಮೂವತ್ತು ಪರ್ಸೆಂಟ್ ಸ್ಪೇರ್ ಇಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮುಂದಿನ ವಿಸ್ತರಣೆಗೆ ಜಾಗ ಬಿಡಬೇಕು, ಎರಡು ಮಾತಿಲ್ಲ. ಆದರೆ ಯಾವುದರ ಮೂವತ್ತು ಪರ್ಸೆಂಟ್? ಇರುವ ಕೇಬಲ್ ಎಷ್ಟೆಂದು ಗೊತ್ತಿಲ್ಲದವರಿಗೆ ಸ್ಪೇರ್ ಎಷ್ಟೆಂದೂ ಗೊತ್ತಿರುವುದಿಲ್ಲ. ಅಗಲ ಹೆಚ್ಚಾದರೆ ಬೆಂಡ್ ಸಮಸ್ಯೆಯೂ ತೂಕದ ಸಮಸ್ಯೆಯೂ ಕರಗುವುದಿಲ್ಲ. ಜಾಗದ ಜಗಳ ಮಾತ್ರ ಹೆಚ್ಚುತ್ತದೆ.

ಸೈಟಿನವರು ಹೇಳುವ ಮಾತನ್ನು ಗೌರವದಿಂದ ಕೇಳಬೇಕು. ಮಾಡೆಲ್ ಹೇಗಾದರೂ ಇರಲಿ, ಇಪ್ಪತ್ತು ವರ್ಷ ಟ್ರೇ ಕಟ್ಟಿದ ಮೇಸ್ತ್ರಿ ನೋಡಿದ ಕೂಡಲೇ ದಾರಿ ಹೇಳುತ್ತಾನೆ ಎನ್ನುತ್ತಾರೆ. ಹೇಳುತ್ತಾನೆ, ನಿಜ. ಯಾವ ಕಡೆಯಿಂದ ಡ್ರಮ್ ಬಿಚ್ಚಿ ಎಳೆಯಬೇಕು, ಎಲ್ಲಿ ರೋಲರ್ ಇಡಬೇಕು, ಪ್ಯಾನೆಲ್ಲಿನ ಬಳಿ ಡ್ರೆಸ್ಸಿಂಗ್‌ಗೆ ಎಷ್ಟು ಜಾಗ ಬೇಕು ಎಂಬ ಅವನ ತಿಳಿವಳಿಕೆ ಯಾವ ತಂತ್ರಾಂಶದಲ್ಲೂ ಇಲ್ಲ. ಆದರೆ ಇವತ್ತು ಆ ತಿಳಿವಳಿಕೆ ಖರ್ಚಾಗುತ್ತಿರುವುದು ಬೇರೆಯವರ ತಪ್ಪು ತಿದ್ದುವುದರಲ್ಲಿ. ತೊಲೆ ಎದ್ದು ನಿಂತ ಮೇಲೆ, ಡಕ್ಟು ಕಟ್ಟಿದ ಮೇಲೆ ಅವನನ್ನು ಕರೆದು ದಾರಿ ಕೇಳಿದರೆ ಅವನು ಹೇಳುವುದು ಇರುವ ಸಂದಿಗಳಲ್ಲಿ ಕಡಿಮೆ ಕೆಟ್ಟದ್ದನ್ನು. ಅವನನ್ನು ಮಾಡೆಲ್ ಮಾಡುವ ಹಂತದಲ್ಲೇ ಪರದೆಯ ಮುಂದೆ ಕೂರಿಸಿ, ಅವನ ಭಾಷೆಯಲ್ಲೇ ಕೇಳಿದರೆ ಒಳ್ಳೆಯ ದಾರಿಯೇ ಸಿಕ್ಕೀತು. ಈ ಸೀಮೆಯಲ್ಲಿ ಅದು ಕಷ್ಟವೂ ಅಲ್ಲ. ಎಳೆಯುವವಳಿಗೂ ಕಟ್ಟುವವನಿಗೂ ಮಾತು ಒಂದೇ.

ಸೈಟಿಗೆ ಹೋಗುವುದು ಮಾಡೆಲ್ ಅಲ್ಲ, ಪ್ರಿಂಟು. ಹಾಳೆಯ ಮೇಲೆ ಟ್ರೇ ಎರಡು ಗೆರೆ, ಪಕ್ಕದಲ್ಲಿ 450 x 100 ಎಂಬ ಬರಹ. ಅಲ್ಲಿ ಕೇಬಲ್ ಸಂಖ್ಯೆ, ತೂಕ, ತಳದ ಮಟ್ಟ ಮೂರೂ ಟ್ಯಾಗ್ ಆಗಿ ಬಂದರೆ ಹ್ಯಾಂಗರ್ ಕಟ್ಟುವವನಿಗೆ ರಾಡಿನ ಗಾತ್ರ ಊಹಿಸುವ ಪಾಡು ತಪ್ಪುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ರೆವಿಟ್‌ನಲ್ಲಿ ಫಿಟ್ಟಿಂಗ್ ಇರುವ ಟ್ರೇ, ಫಿಟ್ಟಿಂಗ್ ಇಲ್ಲದ ಟ್ರೇ ಎಂದು ಎರಡು ಬಗೆ. ಕಾರ್ಖಾನೆಯಿಂದ ಸಿದ್ಧ ಬೆಂಡು, ಟೀ, ರೆಡ್ಯೂಸರ್ ತರಿಸುವುದಾದರೆ ಮೊದಲನೆಯದು. ನೇರ ಟ್ರೇಯನ್ನೇ ಸೈಟಿನಲ್ಲಿ ಕತ್ತರಿಸಿ ಜೋಡಿಸುವುದಾದರೆ ಎರಡನೆಯದು. ಯಾವುದೆಂದು ಕೇಳದೆ ಎಳೆದರೆ ಸಾಮಾನಿನ ಪಟ್ಟಿಯೇ ತಪ್ಪಾಗುತ್ತದೆ. ಟ್ರೇ ಉದ್ದಕ್ಕೂ ಹೋಗಬೇಕಾದ ಅರ್ತಿಂಗ್ ಪಟ್ಟಿಯಂತೂ ಮಾಡೆಲ್‌ಗಳಲ್ಲಿ ಕಾಣುವುದೇ ಇಲ್ಲ. ಅದಕ್ಕೂ ಒಂದು ಪ್ಯಾರಾಮೀಟರ್ ಸಾಕು.

ಕಟ್ಟಡ ಮುಗಿದ ಮೇಲಿನ ಆಯುಷ್ಯವೇ ಉದ್ದ. ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಉತ್ಪನ್ನ ಬದಲಾದಾಗಲೆಲ್ಲ ಸಾಲು ಬದಲಿಸುತ್ತವೆ. ಹೊಸ ಯಂತ್ರಕ್ಕೆ ಹೊಸ ಕೇಬಲ್ ಬರುತ್ತದೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಹೇಳಬಲ್ಲವರು ಕೆಲಸ ಬಿಟ್ಟು ಹೋಗಿರುತ್ತಾರೆ. ಆಗ ಉಪಯೋಗಕ್ಕೆ ಬರುವುದು ಕಟ್ಟಿದಂತೆ ತಿದ್ದಿದ ಮಾಡೆಲ್. ಅದನ್ನು ರೆವಿಟ್‌ನಲ್ಲೇ ಇಡಬೇಕೆಂದೂ ಇಲ್ಲ. ಯಾವ ಕಂಪನಿಗೂ ಸೇರದ ಐಎಫ್‌ಸಿ ಎಂಬ ಮುಕ್ತ ಮಾದರಿ, ಐಎಸ್‌ಒ 16739 ಹೆಸರಿನಲ್ಲಿ, ಲ್ಯಾಡರ್, ಟ್ರೇ, ಟ್ರಂಕಿಂಗ್, ಕಂಡ್ಯೂಟ್ ನಾಲ್ಕಕ್ಕೂ ಬೇರೆಬೇರೆ ಗುರುತು ಕೊಟ್ಟಿದೆ. ಕೇಬಲ್ ಸಂಖ್ಯೆ, ತೂಕಗಳನ್ನು ಅದರ ಜೊತೆಗೇ ಕಟ್ಟಿಡಬಹುದು. ಇಪ್ಪತ್ತು ವರ್ಷದ ನಂತರ ಸಾಫ್ಟ್‌ವೇರ್ ಬದಲಾದರೂ ಆ ಫೈಲು ಓದಲು ಬರುತ್ತದೆ.

ಕಾರ್ಖಾನೆ ಕಟ್ಟಿಸುವವರಲ್ಲಿ, ಟೆಂಡರ್ ಬರೆಯುವವರಲ್ಲಿ ಒಂದು ಕೋರಿಕೆ. ಮಾಡೆಲ್ ಒಪ್ಪಿಸಿಕೊಳ್ಳುವ ಷರತ್ತುಗಳಲ್ಲಿ ಮೂರು ಸಾಲು ಸೇರಿಸಿ: ಕೇಬಲ್ ಪಟ್ಟಿ ಜೋಡಿಸದ ಟ್ರೇಗೆ ಹಣವಿಲ್ಲ; ಟ್ರೇ ತೂಕದ ಪಟ್ಟಿ ಶೆಡ್ಡಿನ ಉಕ್ಕು ತಯಾರಿಗೆ ಹೋಗುವ ಮುನ್ನ ಶೆಡ್ಡಿನ ತಯಾರಕರ ಕೈಸೇರಬೇಕು; ಗೋಡೆ, ನೆಲ ದಾಟುವ ಪ್ರತಿ ತೂತಿಗೂ ಸಂಖ್ಯೆ ಇರಬೇಕು, ಮುಚ್ಚಿದ ಮೇಲೆ ಫೋಟೊ ಆ ಸಂಖ್ಯೆಗೆ ಸೇರಬೇಕು. ಇನ್ನು ಪಾಲಿಟೆಕ್ನಿಕ್, ಐಟಿಐಗಳಲ್ಲಿ ರೆವಿಟ್ ಕಲಿಸುವ ಮೇಷ್ಟರು, ಮಕ್ಕಳಿಗೆ ಟ್ರೇ ಎಳೆಯುವ ಬಟನ್ ತೋರಿಸುವ ಮುನ್ನ ಒಂದಡಿ ಕೇಬಲ್ ತುಂಡನ್ನು ಅವರ ಕೈಗೆ ಕೊಟ್ಟು ಬಗ್ಗಿಸಲು ಹೇಳಲಿ.